ಕಿಡ್ನಿ ಕಸಿ ಆದವರ ಸ್ಟೀರಾಯ್ಡ್: 5 ಮಿ.ಗ್ರಾಂ.ಗೆ ನಿಲ್ಲಿಸೋದಾ, ಪೂರ್ತಿ ಬಿಡಿಸೋದಾ?

ಏಳುಸುತ್ತಿನಕೋಟೆ (ತಾಲ್ಲೂಕು ಆಸ್ಪತ್ರೆ ವೈದ್ಯರು, ಚಿತ್ರದುರ್ಗ ಜಿಲ್ಲೆ)

ಕಸಿ ಬೆಂಗಳೂರಲ್ಲೋ ಮಣಿಪಾಲದಲ್ಲೋ ಆಗುತ್ತೆ. ಆಮೇಲಿನ ಜ್ವರ, ಶುಗರ್, ಬಿಪಿ, ಸೊಂಟನೋವು ಎಲ್ಲಾ ನಮ್ಮ ಓಪಿಡಿಗೇ ಬರೋದು. ಹಾಗಾಗಿ ನಮ್ಮ ಈ ಚರ್ಚಾಕೂಟದಲ್ಲಿ ಕೇಳ್ತಿದ್ದೇನೆ.

ಒಂದು ಮಾದರಿ ಕೇಸ್ ಇಟ್ಕೊಳ್ಳಿ. 34ರ ಗಂಡಸು, ತಾಯಿ ಕೊಟ್ಟ ಕಿಡ್ನಿ, ಕಸಿಯಾಗಿ 14 ತಿಂಗಳು. ಕಿಡ್ನಿ ಕೆಲಸದ ಅಳತೆಯಾದ ಕ್ರಿಯಾಟಿನಿನ್ 1.2. ಹೊಸ ಕಿಡ್ನಿಯನ್ನ ಮೈ ತಿರಸ್ಕರಿಸದಂತೆ ಕೊಡೋ ಟ್ಯಾಕ್ರೊಲಿಮಸ್‌ನ (ಟ್ಯಾಕ್ರೊ) ರಕ್ತದ ಲೆವೆಲ್ 6. ಅದೇ ಕೆಲಸದ ಮೈಕೊಫೆನೊಲೇಟ್ ಸೋಡಿಯಂ 720 ಮಿ.ಗ್ರಾಂ. ದಿನಕ್ಕೆರಡು ಸಲ. ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಇನ್ನೂ 7.5 ಮಿ.ಗ್ರಾಂ. ನಡೀತಿದೆ. ಮುಖ ದುಂಡಗಾಗಿದೆ, 9 ಕೆ.ಜಿ. ಏರಿದ್ದಾನೆ, ಖಾಲಿ ಹೊಟ್ಟೆಯ ಶುಗರ್ 98, ಮಧ್ಯಾಹ್ನ ಊಟವಾದ ಮೇಲೆ 214. "ಈ ಮಾತ್ರೆ ನಿಲ್ಲಿಸಿಬಿಡಿ ಸಾರ್" ಅಂತಾನೆ. ಏನು ಮಾಡೋದು? ಎಷ್ಟು ಇಳಿಸೋದು, ಎಷ್ಟು ದಿನಕ್ಕೆ, ಏನೇನು ಟೆಸ್ಟ್ ನೋಡೋದು?

ಭದ್ರಾನಾಲೆ (ಕಿಡ್ನಿ ತಜ್ಞರು, ದಾವಣಗೆರೆ)

ಚುಟುಕಾಗಿ ಹೇಳೋದಾದ್ರೆ 5ಕ್ಕೆ ಇಳಿಸಿ, ಅಲ್ಲಿಗೆ ನಿಲ್ಲಿ. ಅದೂ ಕಸಿ ಮಾಡಿದ ಕೇಂದ್ರಕ್ಕೆ ಫೋನ್ ಮಾಡಿ ಒಪ್ಪಿಗೆ ತಗೊಂಡ ಮೇಲೆ.

ಸ್ಟೀರಾಯ್ಡ್ ಕಡಿಮೆ ಮಾಡೋದು ಅನ್ನೋದರಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ, ಇವನ್ನ ಕಲಸಿಬಿಡ್ತೀವಿ. ಒಂದು, ಕಸಿಯಾದ ಮೊದಲ ವಾರದಲ್ಲೇ ನಿಲ್ಲಿಸೋದು. ಇನ್ನೊಂದು, ತಿಂಗಳುಗಟ್ಟಲೆ ಕೊಟ್ಟು ಆಮೇಲೆ ಬಿಡಿಸೋದು. 2009ರ ಕೆಡಿಗೋ (ಕಿಡ್ನಿ ಕಾಯಿಲೆಯ ಅಂತರರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿ ಇದನ್ನ ಬಿಡಿಸಿ ಹೇಳುತ್ತೆ: ರಿಸ್ಕ್ ಕಡಿಮೆ ಇದ್ದು ಇಂಡಕ್ಷನ್ ಔಷಧಿ (ಕಸಿಯ ಹೊತ್ತಿಗೆ ಕೊಡೋ ಜೋರಾದ ತಿರಸ್ಕಾರ-ತಡೆ ಔಷಧಿ) ಕೊಟ್ಟಿದ್ದರೆ ಮೊದಲ ವಾರದೊಳಗೆ ನಿಲ್ಲಿಸಬಹುದು, ಮೊದಲ ವಾರ ದಾಟಿ ಕೊಟ್ಟಿದ್ದರೆ ನಿಲ್ಲಿಸೋದಕ್ಕಿಂತ ಮುಂದುವರಿಸೋದೇ ಮೇಲು. ಎರಡನೇ ಮಾತಿಗೆ ಪುರಾವೆ ದುರ್ಬಲ ಅಂತ ಅವರೇ ದರ್ಜೆ ಹಾಕಿದ್ದಾರೆ, ಆದರೂ ದಿಕ್ಕು ಸ್ಪಷ್ಟ ಇದೆ.

ಯಾಕೆ ಅಂದ್ರೆ, ಮೊದಲ ವಾರ ಬೆಸಿಲಿಕ್ಸಿಮ್ಯಾಬ್ ಅಥವಾ ಎಟಿಜಿ ಅನ್ನೋ ಇಂಡಕ್ಷನ್ ಔಷಧಿ ಕೆಲಸ ಮಾಡ್ತಿರುತ್ತೆ, ಟ್ಯಾಕ್ರೊ ಲೆವೆಲ್ 8–10ರ ಮೇಲಿರುತ್ತೆ, ರೋಗಿ ಕಣ್ಣಮುಂದೇ ಇರ್ತಾನೆ. ವರ್ಷ ಕಳೆದ ಮೇಲೆ ಟ್ಯಾಕ್ರೊ 5–7ಕ್ಕೆ ಇಳಿದಿರುತ್ತೆ, ಇಂಡಕ್ಷನ್ ಪ್ರಭಾವ ಮುಗಿದಿರುತ್ತೆ, ರೋಗಿ ಹೊಸದುರ್ಗದಲ್ಲೋ ಜಗಳೂರಲ್ಲೋ ಇರ್ತಾನೆ. ಆಗ ಮೂರನೇ ಔಷಧಿ ತೆಗೆದರೆ ಕಾವಲಿಗೆ ಯಾರಿದ್ದಾರೆ?

ಸೈಕ್ಲೋಸ್ಪೋರಿನ್ ಕಾಲದಲ್ಲೇ ಇದರ ಪೆಟ್ಟು ಗೊತ್ತಾಗಿದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕಸಿಯಾಗಿ ಮೂರು ತಿಂಗಳಿಗೆ ಇಳಿಸೋಕೆ ಶುರು ಮಾಡಿದರು. ವರ್ಷದೊಳಗೆ ರಿಜೆಕ್ಷನ್ (ಮೈ ಹೊಸ ಕಿಡ್ನಿಯನ್ನ ತಿರಸ್ಕರಿಸೋದು) ಅಥವಾ ಚಿಕಿತ್ಸೆ ವಿಫಲ ಆದವರು ಸ್ಟೀರಾಯ್ಡ್ ಬಿಟ್ಟ ಗುಂಪಲ್ಲಿ ನೂರಕ್ಕೆ ಸುಮಾರು 31, ಮುಂದುವರಿಸಿದ ಗುಂಪಲ್ಲಿ ಸುಮಾರು 10. ಪ್ರಯೋಗವನ್ನ ಅರ್ಧಕ್ಕೇ ನಿಲ್ಲಿಸಬೇಕಾಯ್ತು.

ಜೋಗಿಮಟ್ಟಿ (ಕಸಿ ಶಸ್ತ್ರಚಿಕಿತ್ಸಾ ತಂಡದಲ್ಲಿರುವವರು)

ಸರ್, ನೀವು ಹೇಳಿದ್ದು ತಪ್ಪಲ್ಲ, ಆದ್ರೆ ಅರ್ಧ ಚಿತ್ರ. ಅದು ಟ್ಯಾಕ್ರೊ ಯುಗಕ್ಕೆ ಮುಂಚಿನ ಲೆಕ್ಕ.

ಜರ್ಮನಿಯ ಹಾರ್ಮನಿ ಪ್ರಯೋಗ (ಲ್ಯಾನ್ಸೆಟ್, 2016) ನೋಡಿ. ಟ್ಯಾಕ್ರೊ, ಮೈಕೊಫೆನೊಲೇಟ್, ಬೆಸಿಲಿಕ್ಸಿಮ್ಯಾಬ್ ಅಥವಾ ಎಟಿಜಿ. ಮೂರು ಗುಂಪಲ್ಲಿ ಎರಡಕ್ಕೆ ಎಂಟನೇ ದಿನಕ್ಕೆ ಸ್ಟೀರಾಯ್ಡ್ ಬಂದ್, ಒಂದಕ್ಕೆ ಮುಂದುವರಿಕೆ. ಒಂದು ವರ್ಷದೊಳಗೆ ಬಯಾಪ್ಸಿಯಲ್ಲಿ ಖಚಿತವಾದ ರಿಜೆಕ್ಷನ್ ಮೂರೂ ಗುಂಪಲ್ಲಿ ನೂರಕ್ಕೆ 10–11ರ ಆಸುಪಾಸು. ಕಸಿ ನಂತರದ ಡಯಾಬಿಟಿಸ್ ಮಾತ್ರ 39ರಿಂದ 23–24ಕ್ಕೆ ಇಳಿಯಿತು. ನಮ್ಮ ಜನಕ್ಕೆ ಶುಗರ್ ಮೊದಲೇ ಮನೆಮಾತು. ಅಪ್ಪ-ಅಮ್ಮ ಇಬ್ಬರಿಗೂ ಶುಗರ್ ಇರೋ, ಹೊಟ್ಟೆ ಇರೋ, ಮೊದಲ ಕಸಿಯ, ಆಂಟಿಬಾಡಿ ಇಲ್ಲದ ರೋಗಿಗೆ ಮೊದಲ ವಾರವೇ ಬಿಡಿಸೋ ಆಯ್ಕೆಯನ್ನ ಕನಿಷ್ಠ ಎದುರಿಗಿಡಬೇಕು. ನಮ್ಮಲ್ಲಿ ಎಷ್ಟೋ ಕಡೆ ಅದರ ಚರ್ಚೆಯೇ ಆಗಲ್ಲ, ಎಲ್ಲರಿಗೂ ಒಂದೇ ಚೀಟಿ.

ಭದ್ರಾನಾಲೆ

ಒಪ್ಪಿದೆ, ಆದ್ರೆ ಅದರ ಜೊತೆಗೆ ವುಡಲ್ ಅವರ ತಂಡದ 2008ರ ಪ್ರಯೋಗವನ್ನೂ ಇಟ್ಟು ನೋಡಬೇಕು. ಏಳು ದಿನಕ್ಕೆ ನಿಲ್ಲಿಸಿದವರು ಒಂದು ಕಡೆ, ನಿಧಾನಕ್ಕೆ 5 ಮಿ.ಗ್ರಾಂ.ಗೆ ಇಳಿಸಿ ಉಳಿಸಿಕೊಂಡವರು ಇನ್ನೊಂದು ಕಡೆ. ಐದು ವರ್ಷಕ್ಕೆ ಬಯಾಪ್ಸಿ ರಿಜೆಕ್ಷನ್ 17.8 ಮತ್ತು 10.8 ಪ್ರತಿಶತ. ಸಾವು, ಕಿಡ್ನಿ ಕಳಕೊಳ್ಳೋದು ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಬಂದ ದೀರ್ಘ ಅವಧಿಯ ವರದಿಯಲ್ಲೂ ಕಾಣಲಿಲ್ಲ. ಟ್ರೈಗ್ಲಿಸರೈಡ್, ತೂಕ, ಇನ್ಸುಲಿನ್ ಬೇಕಾಗೋ ಡಯಾಬಿಟಿಸ್ ಇವು ಬಿಟ್ಟವರಲ್ಲಿ ಕಡಿಮೆ.

ಅಂದ್ರೆ ಕೊಡು-ತಗೊಳ್ಳು ವ್ಯವಹಾರ ಇದು. ರಿಜೆಕ್ಷನ್ ಬಂದ್ರೂ ಹೆಚ್ಚಿನವು ಸೌಮ್ಯ, ಚಿಕಿತ್ಸೆಗೆ ಬಗ್ಗುತ್ತವೆ. ಆದ್ರೆ ಆ ಚಿಕಿತ್ಸೆ ಏನು? ಮೀಥೈಲ್ ಪ್ರೆಡ್ನಿಸೊಲೋನ್ 500 ಮಿ.ಗ್ರಾಂ. ಮೂರು ದಿನ. ಒಟ್ಟು 1500. ಅದರ 4 ಮಿ.ಗ್ರಾಂ. ಅಂದ್ರೆ ಪ್ರೆಡ್ನಿಸೊಲೋನ್‌ನ 5. ಲೆಕ್ಕ ಹಾಕಿ: 1875 ಮಿ.ಗ್ರಾಂ. ಪ್ರೆಡ್ನಿಸೊಲೋನ್, ದಿನಕ್ಕೆ 5ರಂತೆ 375 ದಿನದ ಮಾತ್ರೆ. ಒಂದು ರಿಜೆಕ್ಷನ್ ಬಂದ್ರೆ ವರ್ಷ ಉಳಿಸಿದ್ದು ಮೂರೇ ದಿನದಲ್ಲಿ ಮೈಗೆ ಸೇರಿಹೋಗುತ್ತೆ, ಮತ್ತೆ 20ರಿಂದ ಇಳಿಸೋ ಕೆಲಸ ಬೇರೆ.

ಏಳುಸುತ್ತಿನಕೋಟೆ

ಈ ಲೆಕ್ಕ ರೋಗಿಗೆ ಹೇಳೋಕೆ ಚೆನ್ನಾಗಿದೆ. ಹಾಗಾದ್ರೆ ಯಾರಿಗೆ ಬಿಡಿಸೋ ಮಾತೇ ಎತ್ತಬಾರದು?

ಜೋಗಿಮಟ್ಟಿ

ಎರಡನೇ ಸಲ ಕಸಿ ಆದವರು. ಪಿಆರ್‌ಎ (ಬೇರೆಯವರ ಅಂಗಾಂಶದ ವಿರುದ್ಧದ ಆಂಟಿಬಾಡಿಯ ಅಳತೆ) ಹೆಚ್ಚಿರೋರು, ದಾನಿಯ ವಿರುದ್ಧ ಆಂಟಿಬಾಡಿ ಇರೋರು. ರಕ್ತದ ಗುಂಪು ಹೊಂದದೆ ಮಾಡಿದ ಕಸಿ. ಈಗಾಗಲೇ ರಿಜೆಕ್ಷನ್ ಆದವರು. ಹೊಸ ಕಿಡ್ನಿ ಮೊದಲ ವಾರ ಕೆಲಸ ಶುರುಮಾಡದೆ ಡಯಾಲಿಸಿಸ್ ಬೇಕಾದವರು. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆ ಮೂಲಕ ಮೆದುಳು ನಿಷ್ಕ್ರಿಯ ದಾನಿಯಿಂದ ಬಂದ ಕಿಡ್ನಿಗಳಲ್ಲಿ ಇದು ಜೀವಂತ ದಾನಿಯದ್ದಕ್ಕಿಂತ ಹೆಚ್ಚು ಕಾಣುತ್ತೆ.

ನಮ್ಮ ಕಡೆ ಮರೆತುಹೋಗೋದು ಒಂದಿದೆ: ಗಂಡ ಹೆಂಡತಿಗೆ ಕಿಡ್ನಿ ಕೊಟ್ಟ ಕೇಸು. ಆಕೆ ಅವನ ಮಕ್ಕಳನ್ನ ಹೆತ್ತಿದ್ರೆ ಅವನ ಎಚ್‌ಎಲ್‌ಎ (ಅಂಗಾಂಶದ ಗುರುತು) ವಿರುದ್ಧ ಅವಳ ಮೈ ಆಗಲೇ ಪಳಗಿರಬಹುದು. ಕ್ರಾಸ್‌ಮ್ಯಾಚ್ (ದಾನಿ–ರೋಗಿ ಹೊಂದಾಣಿಕೆಯ ರಕ್ತ ಟೆಸ್ಟ್) ನೆಗೆಟಿವ್ ಬಂದಿದೆ ಅಂತ ಕಡಿಮೆ ರಿಸ್ಕ್ ಪಟ್ಟಿಗೆ ಹಾಕಬೇಡಿ.

ಮೂಲ ಕಾಯಿಲೆಯನ್ನೂ ಕೇಳಿ. ಐಜಿಎ ನೆಫ್ರೋಪಥಿ, ಎಫ್‌ಎಸ್‌ಜಿಎಸ್, ಲೂಪಸ್, ವ್ಯಾಸ್ಕುಲೈಟಿಸ್: ಹೊಸ ಕಿಡ್ನಿಗೂ ಮರಳಬಹುದಾದ ಕಾಯಿಲೆಗಳು. ಐಜಿಎ ಮರುಕಳಿಸಿ ಕಿಡ್ನಿ ಹೋಗೋದು ಸ್ಟೀರಾಯ್ಡ್ ಮುಂದುವರಿಸಿದವರಲ್ಲಿ ಕಡಿಮೆ ಅಂತ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ದಾಖಲೆಗಳು ತೋರಿಸಿವೆ. ನಮ್ಮಲ್ಲಿ ಬಹಳ ಜನಕ್ಕೆ ಮೂಲ ಕಾಯಿಲೆ ಏನು ಅಂತಲೇ ಗೊತ್ತಿರಲ್ಲ; ಬಂದಾಗಲೇ ಎರಡೂ ಕಿಡ್ನಿ ಚಿಕ್ಕದಾಗಿ ಬಯಾಪ್ಸಿಗೆ ಅವಕಾಶ ಇರಲ್ಲ. 34ನೇ ವಯಸ್ಸಿಗೆ ಕಾರಣ ತಿಳಿಯದೆ ಕಿಡ್ನಿ ಹೋಗಿದ್ರೆ ಐಜಿಎ ಇದ್ದಿರಬಹುದು ಅಂತಲೇ ನಡಕೊಳ್ಳೋದು ಕ್ಷೇಮ.

ಬೆಣ್ಣೆನಗರಿ (ಕ್ಲಿನಿಕಲ್ ಫಾರ್ಮಸಿಸ್ಟ್, ದಾವಣಗೆರೆ)

ಇಳಿಸೋ ಲೆಕ್ಕ ನಾನು ಬರೀತೀನಿ, ತಜ್ಞರು ತಿದ್ದಲಿ.

ಕಸಿಯ ದಿನ ಮೀಥೈಲ್ ಪ್ರೆಡ್ನಿಸೊಲೋನ್ 500 ಮಿ.ಗ್ರಾಂ. ರಕ್ತನಾಳಕ್ಕೆ, ಮುಂದಿನ ಎರಡು ದಿನ ಅರ್ಧ ಅರ್ಧ ಇಳಿಸಿ ಆಮೇಲೆ ಪ್ರೆಡ್ನಿಸೊಲೋನ್ 20 ಮಿ.ಗ್ರಾಂ. ಮಾತ್ರೆ. ಎರಡು ವಾರಕ್ಕೆ 15, ಒಂದೂವರೆ ತಿಂಗಳಿಗೆ 10, ಎರಡು ತಿಂಗಳಿಗೆ 7.5, ಮೂರು ತಿಂಗಳಿಗೆ 5. ಕೇಂದ್ರದಿಂದ ಕೇಂದ್ರಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. 14 ತಿಂಗಳಾದ್ರೂ 7.5 ಇದೆ ಅಂದ್ರೆ ಎರಡರಲ್ಲಿ ಒಂದು: ನಡುವೆ ರಿಜೆಕ್ಷನ್ ಆಗಿ ಬೇಕಂತಲೇ ಉಳಿಸಿದ್ದಾರೆ, ಇಲ್ಲ ಯಾರೂ ಗಮನಿಸದೆ ಹಳೇ ಚೀಟಿ ರಿಪೀಟ್ ಆಗ್ತಾ ಬಂದಿದೆ. ಡಿಸ್ಚಾರ್ಜ್ ಸಮ್ಮರಿ ತರಿಸಿ ನೋಡದೆ ಕೈ ಹಾಕಬೇಡಿ.

ಎರಡನೇದಾದ್ರೆ ನೇರ 5ಕ್ಕೆ ಇಳಿಸಬಹುದು, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೇ ಸಲ. ಹೆದರಿಕೆ ಇದ್ದರೆ ನಾಲ್ಕು ವಾರ ಒಂದು ದಿನ 7.5, ಮರುದಿನ 5, ಆಮೇಲೆ ದಿನಾ 5. ದಿನ ಬಿಟ್ಟು ದಿನ ಬೇರೆ ಡೋಸ್ ಕೊಟ್ಟರೆ ಗೊಂದಲ ಆಗುತ್ತೆ. ಓದು ಬಾರದವರಿಗೆ ಕ್ಯಾಲೆಂಡರ್‌ನಲ್ಲಿ ಕೆಂಪು ಚುಕ್ಕಿ ಹಾಕಿಕೊಡಿ.

ಅಂಗಡಿಯಲ್ಲಿ ಆಗೋ ಎಡವಟ್ಟು ಬೇರೆ. ಪ್ರೆಡ್ನಿಸೊಲೋನ್ ಇಲ್ಲ ಅಂತ ಡಿಫ್ಲಝಕಾರ್ಟ್ 6 ಕೊಟ್ಟರೆ ಅದು ಪ್ರೆಡ್ನಿಸೊಲೋನ್ 5ಕ್ಕೆ ಸಮ, ಅಷ್ಟರಮಟ್ಟಿಗೆ ಸರಿ. ಮೀಥೈಲ್ ಪ್ರೆಡ್ನಿಸೊಲೋನ್ ಆದ್ರೆ 4. ಆದ್ರೆ ಹೊಸ ಸ್ಟ್ರಿಪ್ ಕೈಗೆ ಬಂದಾಗ ಹಳೇದನ್ನೂ ನುಂಗೋರು ಇದ್ದಾರೆ. ವೈಸೊಲೋನ್ ಅಂತ ಒಂದು, ಓಮ್ನಾಕಾರ್ಟಿಲ್ ಅಂತ ಇನ್ನೊಂದು, ಎರಡೂ ಒಂದೇ ಔಷಧಿ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?

ಚಂದ್ರವಳ್ಳಿ (ಲ್ಯಾಬ್, ಬಯೋಕೆಮಿಸ್ಟ್ರಿ)

ಡೋಸ್ ಇಳಿಸೋಕೆ ಮುಂಚೆ ಒಂದು ಬೇಸ್‌ಲೈನ್ ಬೇಕೇ ಬೇಕು: ಕ್ರಿಯಾಟಿನಿನ್, ಟ್ಯಾಕ್ರೊ ಟ್ರಫ್ (ಮುಂದಿನ ಮಾತ್ರೆಗೆ ಮುಂಚಿನ ಕನಿಷ್ಠ ಲೆವೆಲ್), ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ, ರಕ್ತಕಣ, ಶುಗರ್. ಇಳಿಸಿ ಎರಡು ವಾರಕ್ಕೆ ಮತ್ತೆ, ಆರು ವಾರಕ್ಕೆ ಮತ್ತೆ. ಎಲ್ಲ ಸಲವೂ ಅದೇ ಲ್ಯಾಬ್. ಕ್ರಿಯಾಟಿನಿನ್‌ಗೆ ಜಾಫೆ ವಿಧಾನ ಒಂದು ಕಡೆ, ಎನ್‌ಜೈಮ್ ವಿಧಾನ ಇನ್ನೊಂದು ಕಡೆ ಇದ್ದರೆ 1.2 ಇದ್ದದ್ದು 1.4 ಆಗಿ ಕಾಣಬಹುದು, ಕಿಡ್ನಿಗೆ ಏನೂ ಆಗಿರಲ್ಲ.

ಟ್ಯಾಕ್ರೊ ಸ್ಯಾಂಪಲ್ ವಿಷಯ ಹೇಳಲೇಬೇಕು. ರಾತ್ರಿ 8ಕ್ಕೆ ನುಂಗಿದ್ರೆ ಬೆಳಿಗ್ಗೆ 8ಕ್ಕೆ, ಬೆಳಗಿನ ಮಾತ್ರೆಗೆ ಮುಂಚೆ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ಗೆ. ಚಳ್ಳಕೆರೆಯಿಂದ ಆರರ ಬಸ್ ಹಿಡಿಯೋರು ಮನೇಲೇ ಮಾತ್ರೆ ನುಂಗಿ, ಹತ್ತಕ್ಕೆ ರಕ್ತ ಕೊಡ್ತಾರೆ. ರಿಪೋರ್ಟ್ 14 ಅಂತ ಬರುತ್ತೆ. ಡಾಕ್ಟ್ರು ಟ್ಯಾಕ್ರೊ ಡೋಸ್ ಕಡಿಮೆ ಮಾಡ್ತಾರೆ. ಅದೇ ವಾರ ಸ್ಟೀರಾಯ್ಡೂ ಇಳಿದಿರುತ್ತೆ. ಎರಡು ಕಾವಲು ಒಟ್ಟಿಗೆ ಹೋದವು. ರಿಪೋರ್ಟ್ ಮೇಲೆ "ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ" ಅಂತ ಬರೆಸದೆ ಲೆವೆಲ್ ನಂಬಬೇಡಿ. ಮಾತ್ರೆ ಡಬ್ಬಿ ಜೊತೆಗೇ ತರಲಿ, ರಕ್ತ ಕೊಟ್ಟ ತಕ್ಷಣ ಅಲ್ಲೇ ನುಂಗಲಿ.

ಭದ್ರಾನಾಲೆ

ಮೇಡಂ ಹೇಳಿದ್ದಕ್ಕೆ ಸೇರಿಸ್ತೀನಿ. ಸ್ಟೀರಾಯ್ಡ್ ಲಿವರ್–ಕರುಳಿನ ಸಿವೈಪಿ3ಎ ಎನ್‌ಜೈಮನ್ನ ಚುರುಕು ಮಾಡಿ ಟ್ಯಾಕ್ರೊವನ್ನ ಬೇಗ ಕರಗಿಸುತ್ತೆ. ಸ್ಟೀರಾಯ್ಡ್ ಇಳಿದ್ರೆ ಅದೇ ಟ್ಯಾಕ್ರೊ ಡೋಸ್‌ಗೆ ಲೆವೆಲ್ ಏರುತ್ತೆ. 20ರಿಂದ 5ಕ್ಕೆ ಬರುವಾಗ ಇದು ಎದ್ದು ಕಾಣುತ್ತೆ, 7.5ರಿಂದ 5ಕ್ಕೆ ಅಷ್ಟೇನಿಲ್ಲ. ಗೊತ್ತಿಲ್ಲದವರು ಇಲ್ಲಿ ಎಡವ್ತಾರೆ: ಸ್ಟೀರಾಯ್ಡ್ ಇಳಿಸಿದ್ದಕ್ಕೆ ಕ್ರಿಯಾಟಿನಿನ್ ಏರಿತು, ರಿಜೆಕ್ಷನ್ನೇ ಇರಬೇಕು ಅಂತ 500ರ ಇಂಜೆಕ್ಷನ್ ಹೊಡೀತಾರೆ. ಅಸಲಿಗೆ ಏರಿದ್ದು ಟ್ಯಾಕ್ರೊ, ಕಿಡ್ನಿಯ ಸಣ್ಣ ರಕ್ತನಾಳ ಹಿಂಡಿದ್ದು ಅದೇ. ಅವತ್ತು ಬೇಕಾದ್ದು ಟ್ಯಾಕ್ರೊ ಕಡಿತ.

ಹಾಗಾಗಿ ಕ್ರಿಯಾಟಿನಿನ್ ಕಾಲು ಭಾಗ ಏರಿದ್ರೆ ನನ್ನ ಕ್ರಮ ಇದು. ಮೊದಲು ನೀರು: ಭೇದಿ, ವಾಂತಿ, ಬಿಸಿಲಲ್ಲಿ ದುಡಿಮೆ. ಏಪ್ರಿಲ್‌ನಲ್ಲಿ ಹಿರಿಯೂರು ಕಡೆಯ ಹೊಲದಲ್ಲಿ ಕೆಲಸ ಮಾಡಿ ಬಂದವನಿಗೆ ಅದೇ ಕಾರಣ ಸಾಕು. ಆಮೇಲೆ ನೋವಿನ ಮಾತ್ರೆ ನುಂಗಿದ್ದಾನಾ ಅಂತ ಒತ್ತಿ ಕೇಳಿ. ಟ್ಯಾಕ್ರೊ ಟ್ರಫ್. ಮೂತ್ರದ ಕಲ್ಚರ್. ಡಾಪ್ಲರ್ ಸ್ಕ್ಯಾನ್. ಬಿಕೆ ವೈರಸ್ (ಕಸಿ ಕಿಡ್ನಿ ಕೆಡಿಸೋ ಸೋಂಕು) ಪಿಸಿಆರ್. ಇವು ಯಾವುದೂ ಉತ್ತರ ಕೊಡದಿದ್ರೆ ದಾನಿ ವಿರುದ್ಧದ ಆಂಟಿಬಾಡಿ ಟೆಸ್ಟ್ ಮತ್ತು ಬಯಾಪ್ಸಿ, ತಡ ಮಾಡದೆ. ಬಿಕೆ ವೈರಸ್ ಇದ್ದು ರಿಜೆಕ್ಷನ್ ಅಂದ್ಕೊಂಡು ಸ್ಟೀರಾಯ್ಡ್ ಸುರಿದ್ರೆ ವೈರಸ್‌ಗೆ ಹಬ್ಬ.

ವಾಣಿವಿಲಾಸ (ಹಾರ್ಮೋನ್ ತಜ್ಞರು)

ಕೇಳಿದ ಕೇಸಿನ ಶುಗರ್ ನೋಡಿ: ಖಾಲಿ ಹೊಟ್ಟೇಲಿ 98, ಮಧ್ಯಾಹ್ನ 214. ಬೆಳಗ್ಗೆ ನುಂಗಿದ ಸ್ಟೀರಾಯ್ಡ್ ಮಧ್ಯಾಹ್ನದಿಂದ ಸಂಜೆವರೆಗೆ ಶುಗರ್ ಏರಿಸುತ್ತೆ, ರಾತ್ರಿ ಅದರ ಪ್ರಭಾವ ಮುಗಿದು ಶುಗರ್ ಇಳಿಯುತ್ತೆ. ಹಾಗಾಗಿ ಬೆಳಿಗ್ಗೆಯ ಖಾಲಿ ಹೊಟ್ಟೆ ಟೆಸ್ಟ್ ಒಂದನ್ನೇ ನೋಡಿ ಚೆನ್ನಾಗಿದೆ ಅಂತ ಕಳಿಸಿದ್ರೆ ವರ್ಷಗಟ್ಟಲೆ ಕಾಯಿಲೆ ತಪ್ಪಿಸಿಕೊಳ್ಳುತ್ತೆ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿ. ಕಸಿಯಾದ ಮೊದಲ ಮೂರು ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ನಂಬಬೇಡಿ. ರಕ್ತಹೀನತೆ, ಎರಿಥ್ರೊಪೊಯೆಟಿನ್ ಇಂಜೆಕ್ಷನ್, ರಕ್ತ ಕೊಟ್ಟಿರೋದು ಎಲ್ಲ ಸೇರಿ ಅಂಕಿ ತಪ್ಪಾಗಿ ಕಡಿಮೆ ಬರುತ್ತೆ.

ಇನ್ಸುಲಿನ್ ತಗೊಳ್ಳೋರಲ್ಲಿ ಸ್ಟೀರಾಯ್ಡ್ ಇಳಿಸಿದ ದಿನವೇ ಇನ್ಸುಲಿನ್ ಡೋಸ್ ಬಗ್ಗೆ ಮಾತಾಡಿ. ಇಲ್ಲಾಂದ್ರೆ ಶುಗರ್ ಕುಸಿದು ರಾತ್ರಿ ಬೆವರುತ್ತಾ ನಿಮ್ಮ ಕ್ಯಾಶುವಾಲ್ಟಿಗೇ ಬರ್ತಾರೆ.

ಅದಕ್ಕಿಂತ ದೊಡ್ಡದು ಅಡ್ರಿನಲ್, ಅಂದ್ರೆ ಮೈಯ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಮಾಡೋ ಗ್ರಂಥಿ. ಮೂರ್ನಾಲ್ಕು ವಾರಕ್ಕಿಂತ ಹೆಚ್ಚು ಹೊರಗಿನ ಸ್ಟೀರಾಯ್ಡ್ ಕೊಟ್ಟರೆ ಒಳಗಿನ ಕಾರ್ಟಿಸಾಲ್ ಕಾರ್ಖಾನೆ ಮಲಗಿರುತ್ತೆ. ದೇಹಕ್ಕೆ ದಿನಕ್ಕೆ ಬೇಕಾದ್ದು ಸುಮಾರು 4–5 ಮಿ.ಗ್ರಾಂ. ಪ್ರೆಡ್ನಿಸೊಲೋನ್‌ಗೆ ಸಮ. ಆದ್ದರಿಂದ 5ರವರೆಗೆ ಇಳಿಸೋದು ಸುಲಭ. ಕಷ್ಟ ಶುರುವಾಗೋದು 5ರ ಕೆಳಗೆ. ರಿಜೆಕ್ಷನ್ ಆಗದೆಯೂ ರೋಗಿ ಮಂಚ ಹಿಡೀಬಹುದು: ಸುಸ್ತು, ಮೈಕೈ ನೋವು, ವಾಕರಿಕೆ, ಎದ್ದು ನಿಂತ್ರೆ ತಲೆಸುತ್ತು, ಸೋಡಿಯಂ ಕಡಿಮೆ. ಇಂಥವರಲ್ಲಿ ಪೊಟ್ಯಾಶಿಯಂ ಏರಿದ್ರೆ ಅದನ್ನ ಅಡ್ರಿನಲ್ ತಲೆಗೆ ಕಟ್ಟಬೇಡಿ. ಸ್ಟೀರಾಯ್ಡ್‌ನಿಂದ ಮಲಗಿದ ಅಡ್ರಿನಲ್‌ನಲ್ಲಿ ಆಲ್ಡೊಸ್ಟೆರೋನ್ (ಪೊಟ್ಯಾಶಿಯಂ ಹೊರಹಾಕಿಸೋ ಹಾರ್ಮೋನ್) ಉಳಿದಿರುತ್ತೆ. ಪೊಟ್ಯಾಶಿಯಂ ಏರಿಸೋದು ಟ್ಯಾಕ್ರೊ, ಸೋಂಕು ತಡೆಯೋಕೆ ಕೊಡೋ ಕೋಟ್ರೈಮೊಕ್ಸಜೋಲ್.

ಕೇಂದ್ರದವರು ಪೂರ್ತಿ ಬಿಡಿಸಿ ಅಂದ್ರೆ 5ರ ಕೆಳಗೆ ತಿಂಗಳಿಗೆ 1 ಮಿ.ಗ್ರಾಂ.ಗಿಂತ ಜೋರಾಗಿ ಇಳಿಸಬೇಡಿ. ನಡುವೆ ಬೆಳಿಗ್ಗೆ 8–9ರ ಕಾರ್ಟಿಸಾಲ್ ನೋಡಿ. ಹಿಂದಿನ ಡೋಸ್‌ನಿಂದ 24 ಗಂಟೆ ಅಂತರ ಇರ್ಲೇಬೇಕು. ಪ್ರೆಡ್ನಿಸೊಲೋನನ್ನೇ ಕಾರ್ಟಿಸಾಲ್ ಅಂತ ಓದಿ ಸುಳ್ಳು ಹೇಳೋ ಕಿಟ್‌ಗಳು ಇವೆ. ಡೆಸಿಲೀಟರ್‌ಗೆ 10 ಮೈಕ್ರೊಗ್ರಾಂಗಿಂತ ಮೇಲೆ ಬಂದ್ರೆ ಅಡ್ರಿನಲ್ ಎದ್ದಿದೆ. 5ಕ್ಕಿಂತ ಕೆಳಗೆ ಇದ್ರೆ ಮಾತ್ರೆ ಮುಂದುವರಿಸಿ ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿ. ನಡುವೆ ಬಂದ್ರೆ ಕಾಯಿರಿ, ಇಲ್ಲ ಎಸಿಟಿಎಚ್ ಪರೀಕ್ಷೆಗೆ (ಅಡ್ರಿನಲ್‌ನ ಎಬ್ಬಿಸಿ ನೋಡೋ ಟೆಸ್ಟ್) ಕಳಿಸಿ.

ಏಳುಸುತ್ತಿನಕೋಟೆ

5 ಮಿ.ಗ್ರಾಂ. ಮೇಲಿರೋರಿಗೆ ಜ್ವರ ಬಂದ್ರೆ?

ವಾಣಿವಿಲಾಸ

ಜ್ವರ ಇರೋವರೆಗೆ 5 ಬೆಳಿಗ್ಗೆ, 5 ಸಂಜೆ. ಜ್ವರ ಬಿಟ್ಟು ಎರಡು ದಿನಕ್ಕೆ ಮೊದಲಿನ ಡೋಸ್‌ಗೆ. 10 ಅಥವಾ ಮೇಲೆ ಇರೋರಿಗೆ ಹೆಚ್ಚಿಸೋ ಅಗತ್ಯ ಸಾಮಾನ್ಯವಾಗಿ ಇಲ್ಲ. ವಾಂತಿಯಾಗಿ ಮಾತ್ರೆ ನಿಲ್ತಿಲ್ಲ ಅಂದ್ರೆ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ. ಇಂಜೆಕ್ಷನ್, ಜೊತೆಗೆ ಸಲೈನ್, ಆಮೇಲೆ ಆ್ಯಂಬುಲೆನ್ಸ್. ಹೆರಿಗೆ, ಅಪೆಂಡಿಕ್ಸ್, ಮೂಳೆ ಮುರಿತದ ಆಪರೇಷನ್‌ಗೂ ಇದೇ: ಶುರುವಿಗೆ 100, ಆಮೇಲೆ ಆರು ಗಂಟೆಗೊಮ್ಮೆ 50. ಸ್ಟೀರಾಯ್ಡ್ ಬಿಟ್ಟು ವರ್ಷದೊಳಗಿರೋರಿಗೂ ಇದನ್ನೇ ಯೋಚಿಸಿ.

ಬೆಣ್ಣೆನಗರಿ

ಮೈಕೈ ನೋವು ಅಂದಿರಲ್ಲ ಮೇಡಂ, ಅಲ್ಲೇ ಅಪಾಯ ಇರೋದು. ಡೋಸ್ ಇಳಿಸಿದಾಗ ಕೀಲು ಹಿಡಿದುಕೊಳ್ಳೋದು ಸಹಜ ಅಂತ ಯಾರೂ ಮೊದಲೇ ಹೇಳಿರಲ್ಲ. ರೋಗಿ ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೋಫೆನಾಕ್ ತಗೋತಾನೆ, ಇಲ್ಲ ಊರಲ್ಲಿ ಸೂಜಿ ಚುಚ್ಚೋರ ಹತ್ರ ಹೋಗ್ತಾನೆ. ಅವರು ಕೊಡೋ ಕಾಂಬಿನೇಷನ್ ಡೈಕ್ಲೋ ಜೊತೆ ಡೆಕ್ಸಾಮೆಥಸೋನ್. ಒಂದು ಕಿಡ್ನಿಗೆ ಪೆಟ್ಟು, ಇನ್ನೊಂದು ಬಿಡಿಸಿದ ಸ್ಟೀರಾಯ್ಡೇ ಮತ್ತೆ: 0.75 ಮಿ.ಗ್ರಾಂ. ಡೆಕ್ಸಾ ಅಂದ್ರೆ ಪ್ರೆಡ್ನಿಸೊಲೋನ್ 5. ಒಂದು ಸೂಜಿಯಲ್ಲಿ 4 ಅಥವಾ 8 ಮಿ.ಗ್ರಾಂ. ಹೋಗುತ್ತೆ, ಲೆಕ್ಕ ನೀವೇ ಮಾಡಿ. ಮಂಡಿನೋವಿಗೆ ಅಂತ ಪೊಟ್ಟಣದಲ್ಲಿ ಮಾರೋ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರೋದು ಸಿಕ್ಕಿವೆ. ನೋವಿಗೆ ಪ್ಯಾರಾಸಿಟಮಾಲ್ ಅಷ್ಟೇ.

ಇನ್ನೂ ಒಂದು ಔಷಧಿ ಜಗಳ. ಕ್ಷಯಕ್ಕೆ ರಿಫಾಂಪಿಸಿನ್ ಶುರುಮಾಡಿದ್ರೆ ಟ್ಯಾಕ್ರೊ ಲೆವೆಲ್ ಪಾತಾಳಕ್ಕೆ ಹೋಗುತ್ತೆ, ಪ್ರೆಡ್ನಿಸೊಲೋನ್ ಕೆಲಸವೂ ಅರ್ಧಕ್ಕಿಳಿಯುತ್ತೆ. 5 ಇದ್ದದ್ದು 10 ಮಾಡೋದೇ ರೂಢಿ. ಆ ಆರು ತಿಂಗಳು ಸ್ಟೀರಾಯ್ಡ್ ಇಳಿಸೋ ಮಾತು ಬೇಡವೇ ಬೇಡ. ಫ್ಲೂಕೊನಜೋಲ್, ಕ್ಲಾರಿಥ್ರೊಮೈಸಿನ್, ಡಿಲ್ಟಿಯಾಜೆಮ್ ಇದಕ್ಕೆ ಉಲ್ಟಾ, ಟ್ಯಾಕ್ರೊ ಏರಿಸ್ತವೆ. ಚರ್ಮದ ಹುಳುಕಡ್ಡಿಗೆ ಯಾರೋ ಫ್ಲೂಕೊನಜೋಲ್ 150 ಬರೆದುಕೊಟ್ಟಿರ್ತಾರೆ, ಕೈ ನಡುಗ್ತಾ ಬಂದಾಗಲೇ ಗೊತ್ತಾಗೋದು.

ಸೂಳೆಕೆರೆ (ಆಹಾರ ತಜ್ಞೆ)

ಚಕ್ಕೋತ ಬಿಟ್ಟಿರಿ! ಅದೂ ಟ್ಯಾಕ್ರೊ ಏರಿಸುತ್ತೆ. ಮನೆ ಹಿತ್ತಲಿನದು ಅಂತ ಔಷಧಿ ಪಟ್ಟಿಯಲ್ಲಿ ಯಾರೂ ಬರೆಯಲ್ಲ. ದಾಳಿಂಬೆ ಬಗ್ಗೆ ಹೊಸದುರ್ಗದವರು ಕೇಳೇ ಕೇಳ್ತಾರೆ: ಅದರ ವಿರುದ್ಧ ಗಟ್ಟಿ ಪುರಾವೆ ಇಲ್ಲ, ಅಪರೂಪಕ್ಕೆ ಹಣ್ಣು ತಿನ್ನಲಿ, ದಿನಾ ಲೋಟಗಟ್ಟಲೆ ಜ್ಯೂಸ್ ಬೇಡ.

9 ಕೆ.ಜಿ. ಏರಿದ್ದಕ್ಕೆ 7.5 ಮಿ.ಗ್ರಾಂ. ಒಂದೇ ಹೊಣೆ ಅಲ್ಲ ಅಂತ ನಿಷ್ಠುರವಾಗಿ ಹೇಳಿ. ಡಯಾಲಿಸಿಸ್‌ನಲ್ಲಿ ಬಾಯಿ ಕಟ್ಟಿದ್ದವರು ಕಸಿಯಾದ ಮೇಲೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ-ಮಿರ್ಚಿ ಎಲ್ಲ ಒಟ್ಟಿಗೆ ಶುರುಮಾಡ್ತಾರೆ, ಸ್ಟೀರಾಯ್ಡ್ ಹಸಿವು ಬೇರೆ. ಇಳಿಸೋ ತಿಂಗಳು ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ: ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಲೆಕ್ಕಕ್ಕೆ ಸೇರಿಸಿ. ಮಧ್ಯಾಹ್ನ ಅನ್ನ ಅರ್ಧ ಮಾಡಿ ಜೋಳದ ರೊಟ್ಟಿ, ಕಾಳುಪಲ್ಯ. ಮಧ್ಯಾಹ್ನವೇ ಶುಗರ್ ಏರೋದು ಅಂತ ಮೇಲೆ ಹೇಳಿದ್ದಾರಲ್ಲ.

ಜೋಗಿಮಟ್ಟಿ

ಮೂಳೆ ವಿಷಯ ಯಾರೂ ಎತ್ತಲಿಲ್ಲ. ತೊಡೆಸಂದಿಯಲ್ಲಿ ನೋವು, ಕುಂಟು ಇದ್ರೆ ಸೊಂಟದ ಎಕ್ಸ್‌ರೇ ನಾರ್ಮಲ್ ಅಂತ ಬಿಡಬೇಡಿ, ಎಂಆರ್‌ಐ ಮಾಡಿಸಿ. ತೊಡೆಮೂಳೆಯ ತಲೆ ರಕ್ತ ಸಿಗದೆ ಸಾಯೋದು ಎಕ್ಸ್‌ರೇಯಲ್ಲಿ ತಡವಾಗಿ ಕಾಣುತ್ತೆ.

ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ತೊಡಕು ಇದೆ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮೂಳೆಗೆ ಫ್ಲೋರೋಸಿಸ್ ಆದವರಿಗೆ ಮೂಳೆ ಅಳೆಯೋ ಡೆಕ್ಸಾ ಸ್ಕ್ಯಾನ್‌ನಲ್ಲಿ ಸಾಂದ್ರತೆ ನಾರ್ಮಲ್ ಅಥವಾ ಹೆಚ್ಚೇ ಬರುತ್ತೆ, ಮೂಳೆ ಗಡಸಾಗಿ ಕಂಡ್ರೂ ಬಲ ಇರಲ್ಲ, ಮುರಿಯೋದು ಸುಲಭ. ಸ್ಕ್ಯಾನ್ ಚೆನ್ನಾಗಿದೆ, ಸ್ಟೀರಾಯ್ಡ್ ಮುಂದುವರಿಯಲಿ ಅಂತ ತೀರ್ಮಾನಿಸೋಕೆ ಮುಂಚೆ ಹಲ್ಲು ನೋಡಿ, ಕಂದು ಪಟ್ಟೆ ಇದ್ಯಾ ಅಂತ; ಯಾವ ಊರ ನೀರು ಕುಡಿದು ಬೆಳೆದ ಅಂತ ಕೇಳಿ.

ಭದ್ರಾ ಅಚ್ಚುಕಟ್ಟಿನ ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯೋರಿಗೆ ಸ್ಟ್ರಾಂಜಿಲಾಯ್ಡಿಸ್ ಹುಳ. ಸ್ಟೀರಾಯ್ಡ್ ಜೋರಿದ್ದಾಗ ಅದು ಕರುಳು ಬಿಟ್ಟು ಮೈಯೆಲ್ಲಾ ಹರಡುತ್ತೆ. ಕಸಿಗೆ ಮುಂಚೆಯೇ ಐವರ್‌ಮೆಕ್ಟಿನ್, ಕೆ.ಜಿ.ಗೆ 200 ಮೈಕ್ರೊಗ್ರಾಂ: 60 ಕೆ.ಜಿ.ಗೆ 12 ಮಿ.ಗ್ರಾಂ.

ಭದ್ರಾನಾಲೆ

ಜೋಗಿಮಟ್ಟಿಯವರ ಮೊದಲ ವಾರದ ವಾದಕ್ಕೆ ಮರಳಿ ಬರ್ತೀನಿ, ಯಾಕಂದ್ರೆ ಅದರಲ್ಲಿ ನನ್ನ ತಕರಾರು ಔಷಧಿ ಬಗ್ಗೆ ಅಲ್ಲ, ದಾರಿಯ ಬಗ್ಗೆ. ಹಾರ್ಮನಿಯಲ್ಲಿ ಇದ್ದ ನಿಗಾ ನಮ್ಮ ರೋಗಿಗೆ ಸಿಗುತ್ತಾ? ಚಿತ್ರದುರ್ಗದಿಂದ ಬೆಂಗಳೂರು 200 ಕಿ.ಮೀ., ದಾವಣಗೆರೆಯಿಂದ 260. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಕ್ರಿಯಾಟಿನಿನ್, ಟ್ಯಾಕ್ರೊ ನೋಡಿಸಿ, ಏರಿದ ಎರಡು ದಿನದೊಳಗೆ ಬಯಾಪ್ಸಿಗೆ ಹೋಗೋ ಮನೆಯಾದ್ರೆ ಬಿಡಿಸಿ, ನಾನೂ ಜೊತೆಗಿದ್ದೀನಿ. ಕೂಲಿ ತಪ್ಪುತ್ತೆ ಅಂತ ಎರಡು ತಿಂಗಳಿಗೊಮ್ಮೆ ಬರೋ ಮನೆಯಾದ್ರೆ 5 ಮಿ.ಗ್ರಾಂ. ಇರಲಿ.

ಮತ್ತೆ ಕಸಿಯಾದವರ ಮನೆಯಲ್ಲಿ ಖರ್ಚು ಕಡಿಮೆ ಮಾಡೋಕೆ ಮೊದಲು ಕೈ ಹೋಗೋದು ಸ್ಟೀರಾಯ್ಡ್‌ಗಲ್ಲ, ಅದು ಅಗ್ಗ. ಮೈಕೊಫೆನೊಲೇಟ್‌ಗೆ. ಬೆಳಿಗ್ಗೆ ಎರಡು ಬದಲು ಒಂದು ನುಂಗ್ತಿರ್ತಾರೆ, ಹೇಳಲ್ಲ. ಸ್ಟೀರಾಯ್ಡ್ ಇಳಿಸೋ ಮುಂಚೆ ಖಾಲಿ ಸ್ಟ್ರಿಪ್ ತರಿಸಿ ಎಣಿಸಿ: 360ರ ಮಾತ್ರೆ ದಿನಕ್ಕೆ ನಾಲ್ಕು, ತಿಂಗಳಿಗೆ 120. ಅರವತ್ತೋ ಎಪ್ಪತ್ತೋ ಖಾಲಿಯಾಗಿದ್ರೆ ಆ ಮನುಷ್ಯ ನಿಂತಿರೋದೇ ಟ್ಯಾಕ್ರೊ ಮತ್ತು ಪ್ರೆಡ್ನಿಸೊಲೋನ್ ಮೇಲೆ.

ಜೋಗಿಮಟ್ಟಿ

ಇದು ಒಪ್ಪಬೇಕಾದ ಮಾತು. ಆದ್ರೂ ಮಕ್ಕಳ ಕೇಸಲ್ಲಿ ನಾನು ಬಿಟ್ಟುಕೊಡಲ್ಲ. ಮೈನೆರೆಯದ ಮಕ್ಕಳಿಗೆ ಬೇಗ ಬಿಡಿಸಿದ್ರೆ ಎತ್ತರ ಬೆಳೆಯೋದು ಪ್ರಯೋಗದಲ್ಲೇ ಕಂಡಿದೆ. ಹತ್ತು ವರ್ಷದ ಹುಡುಗಿಗೆ 5 ಮಿ.ಗ್ರಾಂ. ಸಣ್ಣ ಡೋಸ್ ಅಲ್ಲ. ಅಪ್ಪ-ಅಮ್ಮ ಬೆಂಗಳೂರಲ್ಲೇ ಆರು ತಿಂಗಳು ರೂಮ್ ಮಾಡೋಕೆ ತಯಾರಿದ್ದಾರಾ ಅಂತ ಕಸಿಗೆ ಮುಂಚೆಯೇ ಕೇಳಿ ತೀರ್ಮಾನಿಸಬೇಕು.

ಏಳುಸುತ್ತಿನಕೋಟೆ

ಸರಿ ಸರ್. ಸಮ್ಮರಿ ತರಿಸ್ತೀನಿ, ಸ್ಟ್ರಿಪ್ ಎಣಿಸ್ತೀನಿ, ಕೇಂದ್ರಕ್ಕೆ ಫೋನ್ ಮಾಡಿ 5ಕ್ಕೆ ಇಳಿಸ್ತೀನಿ. ರೋಗಿ ಜೇಬಲ್ಲಿ ಇಡೋ ಚೀಟಿಗೆ ಏನು ಬರೀಲಿ? ರಾತ್ರಿ ಡ್ಯೂಟಿ ಡಾಕ್ಟ್ರು ಓದಿ ಅರ್ಥ ಆಗೋ ಹಾಗಿರಬೇಕು.

ವಾಣಿವಿಲಾಸ

ಹೀಗೆ ಬರೀರಿ, ಲ್ಯಾಮಿನೇಟ್ ಮಾಡಿಸಿ:

"ನನಗೆ ಕಿಡ್ನಿ ಕಸಿ ಆಗಿದೆ. ದಿನಾ ಪ್ರೆಡ್ನಿಸೊಲೋನ್ ___ ಮಿ.ಗ್ರಾಂ. ತಗೋತೀನಿ, ಅದನ್ನ ದಿಢೀರ್ ನಿಲ್ಲಿಸಬಾರದು. ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪಿದ್ರೆ ತಕ್ಷಣ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ. ಕೊಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ಹೊಸ ಆ್ಯಂಟಿಬಯೋಟಿಕ್ ಬರೆಯೋ ಮುಂಚೆ ಈ ನಂಬರ್‌ಗೆ ಫೋನ್ ಮಾಡಿ."

ಕನ್ನಡ ಒಂದು ಬದಿ, ಇಂಗ್ಲಿಷ್ ಇನ್ನೊಂದು ಬದಿ. ಡೋಸ್ ಜಾಗ ಖಾಲಿ ಬಿಟ್ಟು ಮಾರ್ಕರ್‌ನಲ್ಲಿ ಬರೀರಿ, ಇಳಿಸಿದಾಗ ಅಳಿಸಿ ಬರೆಯೋಕೆ ಬರುತ್ತೆ. ಫೋನ್ ನಂಬರ್ ಕಸಿ ಕೇಂದ್ರದ್ದಿರಲಿ.

ಬೆಣ್ಣೆನಗರಿ

ಚಳ್ಳಕೆರೆ, ಮೊಳಕಾಲ್ಮುರಲ್ಲಿ 2.5ರ ಮಾತ್ರೆ ಸಿಗದಿದ್ರೆ 5ರದನ್ನ ಗೆರೆ ಇರೋ ಕಡೆ ಮುರಿಯಬಹುದು, ಕೋಟಿಂಗ್ ಇರೋದನ್ನ ಮಾತ್ರ ಮುರೀಬಾರದು. ಅರ್ಧ ಉಳಿದದ್ದನ್ನ ಸ್ಟ್ರಿಪ್‌ನಲ್ಲೇ ಬಿಡದೆ ಒಣ ಡಬ್ಬಿಗೆ ಹಾಕಿ, ಮರುದಿನವೇ ಮುಗಿಸಲಿ. ಬೆರಳಲ್ಲಿ ಮುರಿದ್ರೆ ಪುಡಿಯಾಗುತ್ತೆ. ಮಾತ್ರೆ ಕತ್ತರಿಸೋ ಸಣ್ಣ ಪ್ಲಾಸ್ಟಿಕ್ ಕಟರ್ ದಾವಣಗೆರೆಯ ದೊಡ್ಡ ಮೆಡಿಕಲ್‌ಗಳಲ್ಲಿ ಕೇಳಿ ತರಿಸಿಕೊಳ್ಳಿ.